ತೋಟದ ಆಯಿಯ ದ್ರಾಕ್ಷಾರಸ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯದಿದ್ದರೂ ಬಾಗಲಕೋಟೆಯ ನಮ್ಮ ಕ್ರೈಸ್ತ ಸಭೆಯವರು ಗುರುತು ಹಿಡಿಯುತ್ತಾರೆ ಎಂಬುದು ಗೊತ್ತು. ಎಲ್ಲರೂ ಅವರನ್ನು ತೋಟದ ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಕಂಡದ್ದನ್ನು ಕಂಡಷ್ಟೇ ಹೇಳುವುದನ್ನು ನನಗೆ ಕಲಿಸಿದವರು ಅವರು. ನನ್ನ ಕೈಯಿಂದ ಒಂದು ಸುಳ್ಳನ್ನು ಬರೆಸಿ, ಅದರ ಕೆಳಗೆ ನನ್ನ ಹೆಸರು ಹಾಕಿಸಿಕೊಂಡವರೂ ಅವರೇ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲು ನನಗೆ ಆಗುವುದಿಲ್ಲ.

ಬದಾಮಿ ಸ್ಟೇಶನ್ನಿನಲ್ಲಿ ಇಳಿದು ಕೆರೂರಿನ ದಾರಿ ಹಿಡಿದರೆ, ಬಂಡಿಯಲ್ಲಿ ಅರ್ಧ ತಾಸಿಗೆ ಅವರ ತೋಟ ಸಿಗುತ್ತಿತ್ತು. ಹಿಂದೆ ಕೆಂಪು ಬಂಡೆಯ ಗುಡ್ಡ, ಮುಂದೆ ಮೆಟ್ಟಿಲ ಬಾವಿ, ನಡುವೆ ಕಲ್ಲುಕಂಬಗಳ ಮೇಲೆ ಹಬ್ಬಿಸಿದ ದ್ರಾಕ್ಷಿ ಚಪ್ಪರ. ಅವರ ಗಂಡನ ಅಜ್ಜ ಹೊಸದಾಗಿ ಸಭೆಗೆ ಸೇರಿದ ಕಾಲದಲ್ಲಿ ಇಲ್ಲಿದ್ದ ಜರ್ಮನ್ ಪಾದ್ರಿಯೊಬ್ಬರು ದ್ರಾಕ್ಷಿ ಬೆಳೆಯುವ ಸೀಮೆಯಿಂದ ಬಂದವರಂತೆ. ಕಪ್ಪು ದ್ರಾಕ್ಷಿಯ ಕಡ್ಡಿಗಳನ್ನು ತರಿಸಿ ನೆಡಿಸಿ, ರಸ ಹಿಂಡುವುದರಿಂದ ಹಿಡಿದು ಪೀಪಾಯಿಯಲ್ಲಿ ಮಾಗಿಸುವವರೆಗೆ ಎಲ್ಲವನ್ನೂ ಆ ಅಜ್ಜನಿಗೆ ಕಲಿಸಿಕೊಟ್ಟರು. ಅಜ್ಜನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಆ ಕೆಲಸ ಬಂತು. ಮೊಮ್ಮಗ ಸಣ್ಣ ವಯಸ್ಸಿನಲ್ಲೇ ತೀರಿಕೊಂಡಾಗ ಅವನ ಹೆಂಡತಿ ಸೆರಗು ಕಟ್ಟಿ ಪೀಪಾಯಿ ಕೋಣೆಗೆ ಇಳಿದರು. ಅವರೇ ನಮ್ಮ ಆಯಿ. ಹುನಗುಂದದ ಕಡೆಯ ಒಕ್ಕಲುತನದ ಮನೆಯ ಮಗಳು, ಮಕ್ಕಳಿಲ್ಲ.

ಆ ರಸವನ್ನು ಮಾರುತ್ತಿರಲಿಲ್ಲ. ನಮ್ಮಲ್ಲಿ ಕರ್ತನ ಭೋಜನದ ದಿನ ಎಲ್ಲರೂ ಒಂದೇ ಪಾತ್ರೆಯಿಂದ ಒಂದೊಂದು ಗುಟುಕು ದ್ರಾಕ್ಷಾರಸ ಕುಡಿಯುತ್ತೇವೆ. ಅದಕ್ಕಷ್ಟೇ ಅದು. ದ್ರಾಕ್ಷಿಯದ್ದೇ ಆಗಿರಬೇಕು, ಬೇರೆ ಯಾವ ಹಣ್ಣಿನದೂ ಸಲ್ಲದು ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತಿದ್ದ ನಿಯಮ. ಸುತ್ತಲಿನ ಊರುಗಳ ಸಭೆಗಳಿಗೂ ಆಯಿಯ ತೋಟದಿಂದಲೇ ಹೋಗುತ್ತಿತ್ತು. ಪಾದ್ರಿಗಳ ಬಂಗಲೆಗೆ ಬಂದ ದೊಡ್ಡ ಸಾಹೇಬರೊಬ್ಬರು ಒಮ್ಮೆ ರುಚಿ ನೋಡಿ, ತಮ್ಮ ದೇಶದಲ್ಲಿ ಇಂಥದ್ದಕ್ಕೆ ಶ್ರೀಮಂತರು ಕಾದು ಕೂಡುತ್ತಾರೆ ಎಂದರಂತೆ. ಒಂದು ಡಜನ್ ಬಾಟಲಿ ಕೊಡಿಸಿ ಎಂದು ಕೇಳಿದರಂತೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಆಯಿ, ಇದು ಕುಡಿಯುವುದಕ್ಕಲ್ಲ ಎಂದು ಹೇಳಿ ಕಳಿಸಿದರು. ಅದು ಸಾಹೇಬರಿಗೆ ಅರ್ಥವಾಗಲಿಲ್ಲ. ಸಭೆಯಲ್ಲಿ ಮಾತ್ರ ಎಷ್ಟೋ ವರ್ಷ ಆ ಮಾತನ್ನು ಹೇಳಿಕೊಂಡು ನಗುತ್ತಿದ್ದರು.

ನನ್ನ ತಾಯಿಯೂ ಆಯಿಯೂ ಮಿಷನ್ ಬೋರ್ಡಿಂಗಿನ ಕಾಲದಿಂದ ಬಲ್ಲವರು. ತಾಯಿಗೆ ಆಗ ಆರು ವರ್ಷ, ಆಯಿ ಅಲ್ಲಿ ದೊಡ್ಡ ಹುಡುಗಿಯರ ಮೇಲ್ವಿಚಾರಕಿ. ಹೀಗಾಗಿ ಶಾಲೆಗೆ ರಜೆ ಬಿದ್ದರೆ ನನ್ನನ್ನು ತೋಟಕ್ಕೆ ಕಳಿಸುತ್ತಿದ್ದರು. ಹಣ್ಣು ಹಿಂಡುವ ದಿನಗಳೂ ಸಾಮಾನ್ಯವಾಗಿ ನನ್ನ ರಜೆಯಲ್ಲೇ ಬರುತ್ತಿದ್ದವು. ಕಾಲು ತೊಳೆದುಕೊಂಡು ದೋಣಿಯಂಥ ಕಲ್ಲಿನ ತೊಟ್ಟಿಯಲ್ಲಿ ಇಳಿದು ನಾನೂ ತುಳಿದಿದ್ದೇನೆ. ರಸ ಸಿಪ್ಪೆಯ ಸಮೇತ ದೊಡ್ಡ ಭರಣಿಗಳಲ್ಲಿ ಹುಳಿತು ನೊರೆಯೇಳುವಾಗ ಮೇಲೆದ್ದ ಸಿಪ್ಪೆಯನ್ನು ಬೇವಿನ ಕಟ್ಟಿಗೆಯಿಂದ ದಿನಕ್ಕೆ ಮೂರು ಸಲ ಒಳಗೆ ಒತ್ತಬೇಕು. ಆಮೇಲೆ ಸೋಸಿ, ಗಂಧಕದ ಹೊಗೆ ಹಾಕಿದ ಪೀಪಾಯಿಗೆ ತುಂಬಬೇಕು. ಕೊನೆಗೆ ಕೋಳಿಮೊಟ್ಟೆಯ ಬಿಳಿಯನ್ನು ಕದಡಿ ಬಿಟ್ಟರೆ ಅದು ಕಸವನ್ನೆಲ್ಲ ಎಳೆದುಕೊಂಡು ತಳಕ್ಕೆ ಕೂಡುತ್ತದೆ, ಮೇಲೆ ತಿಳಿ ನಿಲ್ಲುತ್ತದೆ. ಇವೆಲ್ಲವನ್ನೂ ನಾನು ಓದು ಬರಹ ಕಲಿಯುವಾಗಲೇ ಕಲಿತೆ.

ಶುದ್ಧಿಯ ವಿಷಯದಲ್ಲಿ ಆಯಿ ಬಹಳ ಕಠಿಣ. ಒಂದು ವರ್ಷ ಕೆಲಸಕ್ಕೆ ಬಂದ ಹೆಂಗಸೊಬ್ಬಳು ತಲೆಗೆ ಎಣ್ಣೆ ಹಚ್ಚಿಕೊಂಡು ಅದೇ ಕೈಯಲ್ಲಿ ಭರಣಿಯ ಬಾಯಿ ಮುಟ್ಟಿದಳು. ಆಯಿ ಬೈಯಲಿಲ್ಲ. ಭರಣಿಯನ್ನು ಹೊರಗೆ ಎಳೆದುಕೊಂಡು ಹೋಗಿ ಇಡೀ ರಸವನ್ನು ಬೇವಿನ ಗಿಡದ ಬುಡಕ್ಕೆ ಸುರಿದರು. ಎಣ್ಣೆ ಒಳಗೆ ಬಿದ್ದಿದೆಯೋ ಇಲ್ಲವೋ ನೋಡಲೂ ಇಲ್ಲ. ಆ ಹೆಂಗಸಿಗೆ ದಿನದ ಕೂಲಿ, ರೊಟ್ಟಿ, ಪಲ್ಯ ಎಲ್ಲ ಕೊಟ್ಟೇ ಕಳಿಸಿದರು.

ಮಾತಿನಲ್ಲೂ ಹಾಗೇ. ನಾನು ಒಂಬತ್ತು ವರ್ಷದವಳಿದ್ದಾಗ ಒಂದು ಚಮಚ ರಸ ಕೊಟ್ಟು ಹೇಗಿದೆ ಎಂದು ಕೇಳಿದರು. ಚಲೋ ಐತಿ ಅಂದೆ.

“ಚಲೋ ಅನ್ನೂದು ಬೀಗರ ಮನ್ಯಾಗ ಆಡೂ ಮಾತು,” ಅಂದರು. “ನಾಲಗಿಗೆ ಏನ ಹತ್ತಿತು, ಅಷ್ಟ ಹೇಳು. ಹೆಚ್ಚಿಗಿ ಬ್ಯಾಡ, ಕಡಿಮಿ ಬ್ಯಾಡ.”

ಮೂರು ಸಲ ಚಮಚ ಕೊಟ್ಟರು. ಮೂರನೆಯ ಸಲ ನಾನು, ಮೊದಲು ಹುಳಿ ಬಂತು, ಆಮೇಲೆ ಹಲ್ಲಿಗೆ ಜುಮ್ಮೆಂದಿತು, ಕೊನೆಗೆ ಮೂಗಿನೊಳಗೆ ಕಟ್ಟಿಗೆಯ ವಾಸನೆ ಬಂತು ಎಂದೆ. ಅವರು ತಲೆಯಾಡಿಸಿದರು. ಕಾಲೇಜಿನಲ್ಲಿ ನನ್ನ ಪ್ರಬಂಧಗಳಲ್ಲಿ ಒಂದು ಶಬ್ದವೂ ಹೆಚ್ಚಿಲ್ಲ ಎಂದು ಅಧ್ಯಾಪಕರು ಹೊಗಳಿದಾಗ ನಾನು ನೆನೆದದ್ದು ಆ ಚಮಚವನ್ನು.

ಆ ಮನೆತನದ ಒಂದು ಪದ್ಧತಿಯನ್ನು ಬೇರೆಲ್ಲೂ ಕಂಡಿಲ್ಲ. ಪ್ರತಿ ವರ್ಷ ರಸ ತಿಳಿಯಾದ ಮೇಲೆ ಬೆರಳಗಲದ ಬಿಳಿ ಅರಿವೆಯ ಪಟ್ಟಿಯೊಂದನ್ನು ಅದರಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ತುದಿಗೆ ವರ್ಷ ಬರೆದು ಒಂದು ತಗಡಿನ ಡಬ್ಬಿಯಲ್ಲಿ ಇಡುತ್ತಿದ್ದರು. ಅಜ್ಜನ ಕಾಲದ ಪಟ್ಟಿಗಳೂ ಅದರಲ್ಲಿದ್ದವು. ಹೊಸ ರಸ ಹಾದಿ ತಪ್ಪಿದೆಯೋ ಎಂದು ನೋಡಲು ಹಳೆಯ ಪಟ್ಟಿಗಳ ಪಕ್ಕ ಹೊಸದನ್ನು ಹಿಡಿಯುತ್ತಿದ್ದರು. ಆಯಿಗೆ ಓದಲು ಬರುತ್ತಿತ್ತು, ಆದರೆ ಬರೆಯುವಾಗ ಕೈ ನಡುಗುತ್ತಿತ್ತು. ಆದ್ದರಿಂದ ವರ್ಷ ಬರೆಯುವ ಕೆಲಸ ನನ್ನದಾಗಿತ್ತು.

ತೋಟದಲ್ಲಿ ಇದ್ದ ಇನ್ನೊಬ್ಬನೆಂದರೆ ಮುಸಲ್ಮಾನ ತೋಟಗಾರ ಬಾಗವಾನ ಚಾಚಾ. ಆಯಿಯ ಮನೆತನ ರಸ ಮಾಡುತ್ತ ಬಂದಂತೆ ಚಾಚಾನ ಮನೆತನ ಮೂರು ತಲೆಯಿಂದ ಆ ಬಳ್ಳಿಗಳನ್ನು ಸವರಿ, ಕಟ್ಟಿ, ನೀರು ಹಾಯಿಸುತ್ತ ಬಂದಿತ್ತು. ಅವರಲ್ಲಿ ಒಬ್ಬರೂ ಒಂದು ಹನಿ ಬಾಯಿಗೆ ಹಾಕಿದವರಲ್ಲ. ಆದರೆ ಚಾಚಾ ಕೋಣೆಯ ಹೊರಗೆ ನಿಂತು ವಾಸನೆಯಿಂದಲೇ ಇಂಥ ಭರಣಿ ಸೋಸಲು ಬಂದಿದೆ ಎನ್ನುತ್ತಿದ್ದ, ಅದು ತಪ್ಪುತ್ತಿರಲಿಲ್ಲ.

“ನಿಮ್ಮ ಮಂದಿ ಕುಡದ್ರ ಪುಣ್ಯಾ, ನಾವು ಕುಡದ್ರ ಗುನಾಹ್,” ಎನ್ನುತ್ತಿದ್ದ. “ಹಿಂಗಾಗಿ ವಾಸನಿ ಅಷ್ಟ ನನ್ನ ಪಾಲು.”

“ಮೂಸಿ ಮೂಸೀನ ಮೂಗು ಕೆಂಪ ಮಾಡ್ಕೊಂಡೀ,” ಎಂದು ಆಯಿ ಒಳಗಿನಿಂದಲೇ ಹೇಳುತ್ತಿದ್ದರು. “ಖುದಾ ಕೇಳಿದ್ರ ಏನಂತೀ ನೋಡು.”

ನಾನು ಪುಣೆಗೆ ಓದಲು ಹೋದೆ. ಪಾದ್ರಿಗಳು ಕಳಿಸಿದರು, ತಂದೆ ಸಾಕಷ್ಟು ಹೆದರಿ ಒಪ್ಪಿದರು. ಹಣ್ಣಿನ ದಿನಗಳಲ್ಲಿ ನನಗೆ ಪರೀಕ್ಷೆ ಇರುತ್ತಿದ್ದುದರಿಂದ ಆ ವರ್ಷಗಳಲ್ಲಿ ಹಿಂಡುವುದನ್ನು ನೋಡಲಿಲ್ಲ. ನಾನು ರಜೆಗೆ ಬಂದಾಗ ಆಯಿಯೇ ಬಾಗಲಕೋಟೆಗೆ ಬರುತ್ತಿದ್ದರು, ಜೊತೆಗೆ ಒಂದು ಸಣ್ಣ ಸೀಸೆಯಲ್ಲಿ ಆ ವರ್ಷದ ರಸ ಇರುತ್ತಿತ್ತು. ಮೂರನೆಯ ವರ್ಷದ್ದು ಬಹಳ ಬೇರೆಯಾಗಿತ್ತು. ನಾಲಗೆಯ ಬುಡವನ್ನು ಹಿಡಿದು ನಿಲ್ಲಿಸುವ ಒಗರು, ಅದರ ಹಿಂದೆ ತಡವಾಗಿ ಬರುವ ಸಿಹಿ. ಇಷ್ಟು ವರ್ಷದಲ್ಲಿ ಇದೇ ಎಲ್ಲಕ್ಕಿಂತ ಮೇಲು ಎಂದೆ, ಯಾಕೆಂದೂ ಹೇಳಿದೆ. ಆಯಿ ತಲೆ ತಗ್ಗಿಸಿ ಕೇಳಿದರು.

“ಹಂಗ ಅನಸ್ತೈತೇನ ನಿನಗ?” ಅಂದರು ಅಷ್ಟೇ. ಹೊಗಳಿಕೆಗೆ ನಾಚಿದರು ಎಂದುಕೊಂಡೆ.

ಓದು ಮುಗಿಸಿ ಬಂದು ಬಾಗಲಕೋಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸತೊಡಗಿದೆ. ಅಷ್ಟರಲ್ಲಿ ಯುದ್ಧ ಹತ್ತಿತು. ಜರ್ಮನ್ ಪಾದ್ರಿಗಳನ್ನೆಲ್ಲ ಸರಕಾರ ಕರೆದೊಯ್ದಿತು. ಅವರ ಜಾಗಕ್ಕೆ ಮುಂಬಯಿಯಿಂದ ಬಂದ ಇಂಗ್ಲಿಷ್ ಪಾದ್ರಿ ಒಳ್ಳೆಯವರು, ಎಲ್ಲದಕ್ಕೂ ಕಾಗದ ಬೇಕೆನ್ನುವವರು. ಮನೆಯಲ್ಲಿ ಹುಳಿಸಿದ ರಸಕ್ಕೆ ಅಬಕಾರಿ ಖಾತೆಯ ಪರವಾನಗಿ ಇಲ್ಲದಿರುವುದು ಅವರ ಕಣ್ಣಿಗೆ ಬಿತ್ತು. ವಿಚಾರಿಸಿದಾಗ, ಆರಾಧನೆಗೆಂದು ಶುದ್ಧ ದ್ರಾಕ್ಷಿಯಿಂದ ಮಾಡಿದ್ದಾದರೆ ವರ್ಷವರ್ಷ ರಿಯಾಯಿತಿ ಕೊಡಬಹುದು, ಆದರೆ ಮಾಡುವ ಬಗೆಯನ್ನು ಕಣ್ಣಾರೆ ಬಲ್ಲ, ಆ ಮನೆತನಕ್ಕೆ ಸೇರದ, ಓದಿದವರೊಬ್ಬರು ಬರೆದುಕೊಡಬೇಕು ಎಂದು ಉತ್ತರ ಬಂತು. ಇಲ್ಲದಿದ್ದರೆ ಮುಂಬಯಿಯಿಂದ ಬಾಟಲಿ ತರಿಸುವುದೆಂದು ಪಾದ್ರಿಗಳು ಹೇಳಿದರು.

ಮರುದಿನದ ಗಾಡಿಗೆ ಆಯಿ ಬಂದರು. ಮೈಮೇಲೆ ಹೊಸ ಇಳಕಲ್ ಸೀರೆ. ಅಂಗಳದಲ್ಲಿ ಕೂತು, ನೀರು ಕುಡಿದು, ನನ್ನ ತಾಯಿಯ ಸೊಂಟನೋವು ವಿಚಾರಿಸಿ, ಆಮೇಲೆ ನನ್ನ ಕಡೆ ತಿರುಗಿ ನೀನೇ ಬರೆಯಬೇಕು ಎಂದರು. ನನಗೆ ಹೆಮ್ಮೆಯಾಯಿತು. ಕಲಿತದ್ದು ಅವರ ಉಪಯೋಗಕ್ಕೆ ಬರುವುದು ಅದೇ ಮೊದಲು. ಇಂಗ್ಲಿಷಿನಲ್ಲಿ ಒಂದು ಪುಟ ಬರೆದೆ. ಬಾಲ್ಯದಿಂದ ಆ ತೋಟವನ್ನು ಬಲ್ಲೆನೆಂದೂ, ಹಣ್ಣು ತುಳಿಯುವುದರಿಂದ ಸೋಸುವವರೆಗೆ ನನ್ನ ಕೈ ಹಚ್ಚಿರುವೆನೆಂದೂ, ಈ ರಸದಲ್ಲಿ ಆ ತೋಟದ ದ್ರಾಕ್ಷಿಯ ಹೊರತು ಬೇರೆ ಯಾವ ಹಣ್ಣೂ ಇಲ್ಲವೆಂದೂ ಬರೆದೆ. ಆಯಿ ಓದಿ ಹೇಳೆಂದರು. ಕನ್ನಡದಲ್ಲಿ ಹೇಳಿದೆ.

“ಬ್ಯಾರೆ ಹಣ್ಣಿಲ್ಲ ಅಂತ ಬರದೀಯಲ್ಲ, ಅದಷ್ಟ ಇನ್ನೊಮ್ಮೆ ಓದು.”

ಓದಿದೆ. ಅವರು ಕಣ್ಣುಮುಚ್ಚಿ ಕೇಳಿದರು.

“ಕೆಳಗ ನಿನ್ನ ಹೆಸರಿನ ಮುಂದ ಬಿ.ಎ. ಅಂತ ಹಾಕ್ತೀ ಹೌದಲ್ಲ?”

ಹಾಕಿದೆ. ರಿಯಾಯಿತಿ ಸಿಕ್ಕಿತು. ಪಾದ್ರಿಗಳು ಆ ಕಾಗದವನ್ನು ಹಿರಿಯರ ಸಭೆಯಲ್ಲಿ ಓದಿಸಿದರು. ನನ್ನ ತಂದೆ ಒಂದು ವಾರ ಎದೆಯೆತ್ತಿ ನಡೆದರು.

ನಾಲ್ಕು ತಿಂಗಳ ಮೇಲೆ, ಮುಂಗಾರಿನ ಮೊದಲ ಮಳೆಯಾದ ವಾರದಲ್ಲಿ ಆಯಿಗೆ ಜ್ವರವೆಂದು ತಿಳಿದು ಶನಿವಾರ ತೋಟಕ್ಕೆ ಹೋದೆ. ಹೇಳಿ ಹೋಗಿರಲಿಲ್ಲ. ಆಯಿ ಕಂಬಳಿ ಹೊದ್ದು ಮಲಗಿದ್ದರು, ಗಂಜಿ ಕುಡಿದು ಮತ್ತೆ ನಿದ್ದೆ ಹೋದರು. ಮಾಡಲು ಕೆಲಸವಿಲ್ಲದೆ ಪೀಪಾಯಿ ಕೋಣೆಯ ಗೂಡಿನಿಂದ ತಗಡಿನ ಡಬ್ಬಿ ತೆಗೆದೆ. ನಾನಿಲ್ಲದ ವರ್ಷಗಳ ಪಟ್ಟಿಗಳ ಮೇಲೆ ಏನೂ ಬರೆದಿರಲಿಲ್ಲ. ಒಂದೊಂದಕ್ಕೂ ಸೇರಿಸಿದ ಗಂಟುಗಳ ಎಣಿಕೆಯಿಂದ ಯಾವುದು ಯಾವ ವರ್ಷದ್ದೆಂದು ತಿಳಿಯುತ್ತಿತ್ತು. ಬಾಗಿಲ ಬೆಳಕಿನಲ್ಲಿ ನೆಲದ ಮೇಲೆ ಸಾಲಾಗಿ ಹಾಸಿದೆ.

ಹಳೆಯ ಪಟ್ಟಿಗಳೆಲ್ಲ ಒಣಗಿ ಇಟ್ಟಂಗಿಯ ಬಣ್ಣಕ್ಕೆ ತಿರುಗಿದ್ದವು. ನಾನು ಹೋದ ಮೇಲಿನ ಎರಡು ವರ್ಷದವೂ ಹಾಗೇ ಇದ್ದವು. ಮೂರನೆಯ ವರ್ಷದಿಂದ ಬಣ್ಣ ನೀಲಿಯ ಕಡೆ ಹೊರಳಿತ್ತು. ಮಳೆಮೋಡದಂಥ ನೀಲಿ, ಒಂದರ ಮೇಲೊಂದು ಅದೇ. ನಾನು ಹೊಗಳಿದ್ದೂ ಆ ಮೂರನೆಯ ವರ್ಷದ ರಸವನ್ನೇ.

ಹೊರಗೆ ಬಂದೆ. ಚಪ್ಪರದ ಕೆಳಗೆ ನಡೆದುಹೋಗಿ, ಪುಣೆಯಿಂದ ಬಂದ ಮೇಲೆ ಮೊದಲ ಸಲ ಬುಡಗಳನ್ನು ನೋಡಿದೆ. ಬಾವಿಯ ಬದಿಗೆ, ದಾರಿಯಿಂದ ಕಾಣುವ ಸಾಲಿನಲ್ಲಿ ಐದಾರು ಬಳ್ಳಿಗಳು ಜೀವದಿಂದಿದ್ದವು. ಹಿಂದಿನ ಸಾಲುಗಳಲ್ಲಿ ಕಂಬಕ್ಕೆ ಹಬ್ಬಿದ್ದದ್ದು ಹೀರೆ ಮತ್ತು ತೊಂಡೆ. ಅಷ್ಟರಲ್ಲಿ ಚಾಚಾ ಬಂಡಿ ಹೊಡೆದುಕೊಂಡು ಬಂದ. ಬಂಡಿಯಲ್ಲಿ ಬುಟ್ಟಿಗಳು, ಬುಟ್ಟಿಗಳ ತುಂಬ ಮಲಪ್ರಭೆಯ ದಂಡೆಯ ನೇರಳೆ ಹಣ್ಣು. ನನ್ನನ್ನು ನೋಡಿ ಎತ್ತಿನ ಹಗ್ಗ ಹಿಡಿದವನು ಹಾಗೇ ನಿಂತ.

“ಇಷ್ಟ ಹಣ್ಣು ಯಾರಿಗೆ ಚಾಚಾ?”

ಅವನು ಸ್ವಲ್ಪ ಹೊತ್ತು ಎತ್ತಿನ ಕತ್ತನ್ನು ಸವರಿದ. “ನಿನಗ ಗೊತ್ತೈತಿ ಅಂತ ತಿಳದಿದ್ದೆ ಬೇಟಿ,” ಅಂದ. “ನೀನ ಬರದ ಕೊಟ್ಟೀ ಅಂದ್ರು. ಗೊತ್ತಿಲ್ಲದ ಬರೀತಾರೇನು?”

ಆಮೇಲೆ ಎಲ್ಲ ಹೇಳಿದ. ಬೇರಿಗೆ ರೋಗ ಬಂದು ಒಂದೇ ವರ್ಷದಲ್ಲಿ ಬಳ್ಳಿಗಳು ಸತ್ತದ್ದು, ಆಯಿ ಮೂರು ದಿನ ಊಟ ಬಿಟ್ಟದ್ದು, ನಾಲ್ಕನೆಯ ದಿನ ನೇರಳೆ ತರಲು ಹೇಳಿದ್ದು. ಮೊದಲ ಭರಣಿ ಕೆಟ್ಟಿತಂತೆ. ಎರಡನೆಯದಕ್ಕೆ ಪೀಪಾಯಿಯಲ್ಲಿ ಉಳಿದಿದ್ದ ಹಳೆಯ ದ್ರಾಕ್ಷಾರಸ ಬೆರೆಸಿ, ಕಾಬೂಲಿ ಒಣದ್ರಾಕ್ಷಿ ನಾಲ್ಕು ಮುಷ್ಟಿ ಹಾಕಿದರಂತೆ. ಅದರ ವಾಸನೆ ಬಂದಾಗ ತನಗೇ ನಂಬಿಕೆಯಾಗಲಿಲ್ಲ ಎಂದ. ಅದನ್ನು ಹೇಳುವಾಗ ಅವನ ದನಿಯಲ್ಲಿ ಅಭಿಮಾನವಿತ್ತು.

ಸಂಜೆ ಆಯಿ ಎದ್ದು ಗೋಡೆಗೆ ಒರಗಿ ಕೂತಾಗ ನೀಲಿ ಪಟ್ಟಿಗಳನ್ನು ಅವರ ಕಂಬಳಿಯ ಮೇಲೆ ಇಟ್ಟೆ. ಅವರು ಅವುಗಳನ್ನು ಮುಟ್ಟಲಿಲ್ಲ.

“ಬಳ್ಳಿ ಸತ್ತಾಗ ಹೇಳಬಹುದಿತ್ತು,” ಅಂದೆ. “ಯಾರೂ ನಿನಗ ಏನೂ ಅಂತಿದ್ದಿಲ್ಲ.”

“ಅಂತಿದ್ದಿಲ್ಲ. ಅಯ್ಯೋ ಪಾಪ ಅಂತಿದ್ರು. ಬಾಟಲಿ ತರಸ್ತಿದ್ರು.” ಅವರು ಉಸಿರು ತೆಗೆದುಕೊಂಡರು. “ನಮ್ಮ ಮಾವನ ಅಪ್ಪನ ಕೈ ಹಿಡದು ಆ ಪಾದ್ರಿ ಹೇಳಿದ್ರಂತ, ಈ ಪೀಪಾಯಿ ಬರಿದಾಗಬಾರದು ಅಂತ. ನನ್ನ ಕಾಲಕ್ಕ ಬರಿದಾತು ಅಂತ ಅನಸ್ಕೋಲೇನು?”

“ಸಭೀಗೆ ಹೇಳೂದು ಬ್ಯಾಡ. ನನಗ ಹೇಳಬೇಕಿತ್ತಿಲ್ಲೇನ್ರಿ? ನನ್ನ ಕೈಲೆ ಬರಸೂ ಮುಂದ?”

ನಾನು ಅವರಿಗೆ ಎಂದೂ ಬಹುವಚನ ಹಚ್ಚಿದವಳಲ್ಲ. ಅವರು ಅದನ್ನು ಕೇಳಿಸಿಕೊಂಡರು. ಬಹಳ ಸಮಾಧಾನದಿಂದ ಉತ್ತರ ಕೊಟ್ಟರು.

“ಹೇಳಿದ್ರ ನೀ ಬರೀತಿದ್ದಿಲ್ಲ. ಸುಳ್ಳ ಬರಿಯೂ ಹುಡುಗಿ ಅಲ್ಲ ನೀ. ಅದು ನನಗ ಗೊತ್ತು, ಪಾದ್ರಿಗೂ ಗೊತ್ತು, ಎಲ್ಲಾರಿಗೂ ಗೊತ್ತು. ಅದಕ್ಕ ನಿನ್ನ ಕಡೆ ಬಂದೆ. ನಿನಗ ಗೊತ್ತಿದ್ದಿದ್ದಿಲ್ಲ. ನೀ ಬರದದ್ದು ನಿನ್ನ ಮಟ್ಟಿಗೆ ಖರೇನ ಆತು. ಪಾಪ ಏನಿದ್ರೂ ನಂದು.”

ಅವರು ಇದನ್ನು ಮೊದಲೇ ಯೋಚಿಸಿ ಇಟ್ಟಿದ್ದರು. ಇಷ್ಟು ಹುಳಿಗೆ ಇಷ್ಟು ಸಿಹಿ ಎಂದು ಅಳೆದಂತೆ ನನ್ನ ಪ್ರಾಮಾಣಿಕತನವನ್ನೂ ಅಳೆದು, ಎಷ್ಟು ಬೇಕೋ ಅಷ್ಟು ತೆಗೆದುಕೊಂಡಿದ್ದರು. ಕೋಪಕ್ಕಿಂತ ಮೊದಲು ನನಗೆ ಬಂದದ್ದು ನಾಚಿಕೆ, ಬರಿಮೈಯಲ್ಲಿ ನಿಂತಂಥ ನಾಚಿಕೆ.

“ಹೇಳ್ತೀಯೇನು?” ಎಂದು ಕೇಳಿದರು.

ಹೇಳಿದರೆ ಅವರನ್ನು ಭೋಜನದಿಂದ ದೂರ ಇಡುತ್ತಾರೆ. ಎಪ್ಪತ್ತು ದಾಟಿದ ಹೆಂಗಸು ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂಡಬೇಕಾಗುತ್ತದೆ. ಇಷ್ಟು ವರ್ಷ ಕುಡಿದವರೆಲ್ಲ ತಾವು ಕುಡಿದದ್ದು ಏನು ಎಂದು ನರಳುತ್ತಾರೆ. ಇಲ್ಲ, ಯಾರಿಗೂ ಹೇಳುವುದಿಲ್ಲ ಎಂದೆ. ಆದರೆ ಮತ್ತೆ ಬರೆದುಕೊಡುವುದಿಲ್ಲ ಎಂದೆ. ಅವರು ತಲೆಯಾಡಿಸಿದರು, ನನ್ನ ಮಾತಿನ ಮೇಲೆ ಅವರಿಗೆ ಸಂಶಯವಿರಲಿಲ್ಲ. ಆ ರಾತ್ರಿ ನಾವಿಬ್ಬರೂ ಒಂದೇ ಕೋಣೆಯಲ್ಲಿ ಮಲಗಿದೆವು. ಬೆಳಗಿನ ಗಾಡಿಗೆ ನಾನು ಬಂದೆ.

ಮುಂದಿನ ತಿಂಗಳು ಕರ್ತನ ಭೋಜನ. ಹೆಂಗಸರ ಸಾಲಿನಲ್ಲಿ ಪಾತ್ರೆ ನನ್ನ ಕೈಗೆ ಬಂದಾಗ ತುಟಿಗೆ ತಗುಲಿಸಲು ಆಗಲಿಲ್ಲ. ಪಕ್ಕದವರಿಗೆ ದಾಟಿಸಿದೆ. ಸದ್ದಿಲ್ಲದೆ ಮಾಡಿದೆ ಎಂದುಕೊಂಡಿದ್ದೆ. ನಮ್ಮಂಥ ಸಣ್ಣ ಸಭೆಯಲ್ಲಿ ಪಾತ್ರೆ ಮುಟ್ಟದ ಹೆಂಗಸನ್ನು ಇಡೀ ಸಾಲು ಕಾಣುತ್ತದೆ. ಮನಸ್ಸಿನಲ್ಲಿ ಪಾಪವಿಟ್ಟುಕೊಂಡವರು ಮಾತ್ರ ಹಾಗೆ ದಾಟಿಸುತ್ತಾರೆ ಎಂಬ ನಂಬಿಕೆ ಇದೆ. ಅಂಥವರ ಮನೆಗೆ ಸಭೆಯ ಹಿರಿಯರೊಬ್ಬರು ಬಂದು ಕಾರಣ ಕೇಳುವುದು, ವಿಚಾರಿಸಬೇಕಾದವಳು ಹೆಂಗಸಾದರೆ ಜೊತೆಗೆ ಒಬ್ಬ ಹಿರಿಯ ಹೆಂಗಸು ಬರುವುದು ಪದ್ಧತಿ.

ಬುಧವಾರ ಸಂಜೆ ಹಿರಿಯರು ಬಂದರು. ಅವರ ಹಿಂದೆ ಸೆರಗು ಹೊದ್ದು ಬಂದವರು ಆಯಿ.

ತಾಯಿ ಚಾಪೆ ಹಾಸಿದರು, ತಂದೆ ಕಂಬದ ಹತ್ತಿರ ನಿಂತರು. ಹಿರಿಯರು ಒಂದು ಸಣ್ಣ ಪ್ರಾರ್ಥನೆ ಮಾಡಿ, ಯಾಕೆ ಪಾತ್ರೆ ಮುಟ್ಟಲಿಲ್ಲ ಮಗಳೇ ಎಂದು ಮೆತ್ತಗೆ ಕೇಳಿದರು. ನಾನು ಆಯಿಯನ್ನು ನೋಡಿದೆ. ಏನಾದರೂ ಹೇಳಿ ಅವರೇ ಇದನ್ನು ಮುಗಿಸುತ್ತಾರೆ ಎಂದು ಖಂಡಿತ ನಂಬಿದ್ದೆ. ನಿಜ ಹೇಳಲಿ ಎಂದಲ್ಲ. ಮೈಯಲ್ಲಿ ಸುಖವಿರಲಿಲ್ಲವಂತೆ ಎಂದರೆ ಸಾಕಿತ್ತು, ಮನೆಗೆ ಬಂದವರು ಎದ್ದು ಹೋಗುತ್ತಿದ್ದರು. ಅವರೂ ನನ್ನನ್ನು ನೋಡುತ್ತಿದ್ದರು. ನಾನು ಬಾಯಿ ಬಿಡುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಮನಸ್ಸಿನಲ್ಲಿ ಒಂದು ಭಾರವಿದೆ, ಅದನ್ನು ಹೇಳಲಾರೆ ಎಂದೆ. ಯಾರ ಮೇಲಿನ ಭಾರ ಎಂದು ಹಿರಿಯರು ಕೇಳಿದರು. ಸುಮ್ಮನಿದ್ದೆ.

“ಕೇಳಬ್ಯಾಡ್ರಿ ಇನ್ನ,” ಎಂದರು ಆಯಿ. “ಹರೇದ ಹುಡುಗಿ, ಐದು ವರ್ಷ ಒಬ್ಬಾಕಿನ ಪುಣೇದಾಗ ಇದ್ದಾಕಿ. ಅಲ್ಲಿ ಏನರೆ ಆಗಿರತೈತಿ. ಕರ್ತನಿಗೆ ಗೊತ್ತೈತಿ, ಬಿಡ್ರಿ.”

ಎಷ್ಟು ಮಮತೆಯ ದನಿ. ತಾಯಿ ನನ್ನ ಕಡೆ ತಿರುಗಿದರು. ತಂದೆ ತಿರುಗಲಿಲ್ಲ, ಕಂಬವನ್ನೇ ನೋಡುತ್ತ ನಿಂತರು. ಹಿರಿಯರು ಒಳ್ಳೆಯ ಮನುಷ್ಯರು, ಹೊರಗೆ ಯಾರಿಗೂ ಹೇಳಿರಲಿಕ್ಕಿಲ್ಲ. ಆದರೂ ಹದಿನೈದು ದಿನದಲ್ಲಿ ಪುಣೆಯ ಮಾತು ಬಾವಿಕಟ್ಟೆಗೆ ಬಂತು. ಧಾರವಾಡದ ಒಂದು ಮನೆಯವರು ನನ್ನ ಬಗ್ಗೆ ತಂದೆಗೆ ಬರೆಯುತ್ತಿದ್ದ ಪತ್ರಗಳು ನಿಂತವು. ನನಗೆ ಆ ಸಂಬಂಧದ ಮೇಲೆ ಅಂಥ ಮನಸ್ಸಿರಲಿಲ್ಲ. ತಂದೆ ಮಾತ್ರ ಟಪಾಲಿನವನು ಬರುವ ಹೊತ್ತಿಗೆ ಹೊರಗೆ ಕೂಡುವುದನ್ನು ಬಿಟ್ಟರು. ಶಾಲೆಯಲ್ಲಿ ದೊಡ್ಡ ಹುಡುಗಿಯರ ತರಗತಿಯನ್ನು ನನ್ನಿಂದ ತೆಗೆದು ಚಿಕ್ಕವರಿಗೆ ಕಲಿಸಲು ಹಾಕಿದರು, ಕಾರಣ ಹೇಳಲಿಲ್ಲ. ಪುಣೆಯಲ್ಲಿ ಏನೂ ಆಗಿರಲಿಲ್ಲ. ಆಗಿಲ್ಲ ಎಂದು ಯಾರಿಗೆ, ಯಾವ ಕಾಗದದ ಮೇಲೆ ಬರೆದುಕೊಡಬೇಕು?

ವರ್ಷ ತಿರುಗಿತು. ಪಾದ್ರಿಗಳು ಹೊಸ ಕಾಗದ ಕೇಳಿದರು. ಇತ್ತೀಚಿನ ವರ್ಷಗಳಲ್ಲಿ ನಾನು ಹಣ್ಣು ಹಿಂಡುವುದನ್ನು ನೋಡಿಲ್ಲ, ಆದ್ದರಿಂದ ಹೇಳಲಾರೆ ಎಂದು ಎರಡು ಸಾಲು ಬರೆದುಕೊಟ್ಟೆ. ಅದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಕಾಗದ ಮಡಿಚಿ ಇಟ್ಟರು. ರಿಯಾಯಿತಿ ನಿಂತಿತು. ಮುಂಬಯಿಯಿಂದ ಬಾಟಲಿಗಳು ಬಂದವು. ಪುಣೆಯವಳ ಹಟಕ್ಕೆ ಮೂರು ತಲೆಯ ಕೆಲಸ ಮುಳುಗಿತು ಎಂದು ಸಭೆಯಲ್ಲಿ ಆಡಿಕೊಂಡರು. ಆಯಿ ಅದನ್ನು ಹೌದೆನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ.

ಹೋದ ಚಳಿಗಾಲದಲ್ಲಿ ಅವರು ಹಾಸಿಗೆ ಹಿಡಿದಾಗ ಚಾಚಾನೇ ಬಂದು ಕರೆದುಕೊಂಡು ಹೋದ. ಮೈ ಬಹಳ ಸಣ್ಣದಾಗಿತ್ತು. ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು, ಬಿಡಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ನೇರಳೆಯ ವಿಷಯ ನಾನು ಎತ್ತಲಿಲ್ಲ. ಅದನ್ನು ಅಷ್ಟರಲ್ಲಿ ಅರ್ಥಮಾಡಿಕೊಂಡಿದ್ದೆ. ಗಂಡನಿಲ್ಲದ, ಮಕ್ಕಳಿಲ್ಲದ ಹೆಂಗಸಿಗೆ ಆ ಪೀಪಾಯಿ ಏನಾಗಿತ್ತು ಎಂದು ಊಹಿಸಬಲ್ಲೆ. ನನ್ನಿಂದ ಬರೆಸಿಕೊಂಡದ್ದನ್ನೂ ಹೇಗೋ ನುಂಗಿಕೊಂಡಿದ್ದೆ. ಒಂದನ್ನೇ ಕೇಳಿದೆ. ಅವತ್ತು ಪುಣೆಯ ಮಾತನ್ನು ಯಾಕೆ ಅಂದಿರಿ ಎಂದೆ.

ಅವರು ನೆನಪಿಸಿಕೊಳ್ಳಲು ಹೊತ್ತು ತೆಗೆದುಕೊಂಡರು. ಎರಡು ವರ್ಷ ದಿನದಿನವೂ ನನ್ನ ಜೊತೆಗಿದ್ದ ಮಾತು ಅವರಿಗೆ ಹುಡುಕಿದರಷ್ಟೇ ಸಿಗುವಂತಿತ್ತು.

“ಹಿರೇರು ಕುಂತಿದ್ರು. ನೀ ಸುಮ್ಮನಿದ್ದಿ. ಏನರೆ ಅನಬೇಕಿತ್ತು,” ಅಂದರು. “ಅದು ಬಾಯಿಗೆ ಬಂತು, ತಂಗಿ.”

ನಾನು ಇನ್ನೂ ಏನಾದರೂ ಬರುತ್ತದೆ ಎಂದು ಕಾದೆ. ಅವರು ನೀರು ಕೇಳಿದರು, ಕೊಟ್ಟೆ. ಎರಡು ಗುಟುಕು ಕುಡಿದು, ಬಾವಿಯ ನೀರಿಗೆ ಸುಣ್ಣದ ರುಚಿ ಬಂದಿದೆ, ಚಾಚಾನಿಗೆ ಹೇಳು ಎಂದರು. ನಾಲಗೆ ಇನ್ನೂ ಅಷ್ಟು ಚೊಕ್ಕವಿತ್ತು. ಮೂರನೆಯ ದಿನ ತೀರಿಕೊಂಡರು.

ಮಣ್ಣಿಗೆ ಇಡೀ ಸಭೆ ಬಂದಿತ್ತು. ಸರತಿಯಲ್ಲಿ ನಿಂತು ನಾನೂ ಮೂರು ಹಿಡಿ ಮಣ್ಣು ಹಾಕಿದೆ. ವಾಪಸು ಬರುವಾಗ ಹಿರಿಯರು ನನ್ನ ಪಕ್ಕ ನಡೆಯುತ್ತ, ಆಯಿಗೆ ನಿನ್ನ ಮೇಲೆ ಭಾಳ ಜೀವ ಇತ್ತವ್ವ, ಕೊನೆತನಕ ನಿನ್ನ ಹೆಸರೇ ಹೇಳುತ್ತಿದ್ದರಂತೆ ಎಂದರು.

ಹೌದು ಎಂದೆ. ಅದು ನಿಜ. ಅದು ಸುಳ್ಳಾಗಿದ್ದರೆ ಅವರನ್ನು ಇಷ್ಟು ಹೊತ್ತಿಗೆ ಮರೆತುಬಿಡುತ್ತಿದ್ದೆ.